ಕಣ್ಮರೆಯ ದುಡಿಮೆ ಮತ್ತು ಒಡೆಯನ ನಂಬಿಕೆ: ದೊಡ್ಡಬಳ್ಳಾಪುರದ ಮಜೂರಿ ಮಗ್ಗದ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

೨೦೨೦ರ ಮಾರ್ಚಿ ತಿಂಗಳಲ್ಲಿ ಕೊರೋನಾ ವ್ಯಾಧಿಯ ಕಾರಣದಿಂದ ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ, ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ನೌಕರರು ಕೆಲವೇ ದಿನಗಳಲ್ಲಿ ಕಚೇರಿಯನ್ನು ಬಿಟ್ಟು ಮನೆಗಳಿಂದಲೇ ಕೆಲಸ ನಡೆಸಬೇಕಾಗಿ ಬಂದಿತು. ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕಡೆಯ ಎಷ್ಟೋ ಮಂದಿ ತರುಣ ತರುಣಿಯರು ತಂತಮ್ಮ ಊರಿನ ಪಡಸಾಲೆಯಲ್ಲಿಯೇ ಲ್ಯಾಪ್‌ಟಾಪನ್ನು ತೆರೆದು ಕುಳಿತರು. ಇದರ ಬೆನ್ನಿಗೇ, ನೌಕರನು ಯಾವ ಗಳಿಗೆಯಲ್ಲಿ ಕೀಲಿಮಣೆಯನ್ನು ಒತ್ತಿದನು, ಎಷ್ಟು ಹೊತ್ತು ಸುಮ್ಮನಿದ್ದನು, ಅವನ ಪರದೆಯ ಮೇಲೆ ಏನಿತ್ತು ಎಂಬುದನ್ನೆಲ್ಲ ಒಡೆಯನಿಗೆ ವರದಿ ಮಾಡುವ ತಂತ್ರಾಂಶಗಳು ಜಗತ್ತಿನ ಅನೇಕ ಕಡೆಗಳಲ್ಲಿ ಬಳಕೆಗೆ ಬಂದವು. ಕಣ್ಣಿಗೆ ಕಾಣದ ಕೆಲಸಗಾರನನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಹೊಸದಾಗಿ ಹುಟ್ಟಿತೆಂದು ಆಗ ಬಹಳ ಜನ ಬರೆದರು. ನಮ್ಮ ಪ್ರದೇಶದ ಇತಿಹಾಸವನ್ನು ಸ್ವಲ್ಪಮಟ್ಟಿಗಾದರೂ ಬಲ್ಲವರು ಈ ಮಾತನ್ನು ಒಪ್ಪುವುದು ಕಷ್ಟ. ಆ ತರುಣರ ಕೆಲಸದ ಮನೆಗಳಿಂದ ಹೆಚ್ಚು ದೂರವಿಲ್ಲದ ದೊಡ್ಡಬಳ್ಳಾಪುರದಲ್ಲಿ, ಒಡೆಯನ ಸರಕನ್ನು ತಂದು ತನ್ನ ಮನೆಯಲ್ಲಿ ದುಡಿದು ಒಪ್ಪಿಸುವ ಪದ್ಧತಿ ಇಂದಿಗೂ ಕಣ್ಣೆದುರಿಗಿದೆ. ಆ ಪದ್ಧತಿಯಲ್ಲಿ ಪರಸ್ಪರ ನಂಬಿಕೆ ಯಾವುದರ ಮೇಲೆ ನಿಂತಿತ್ತು, ಯಾವಾಗ ಮುರಿಯಿತು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ದೊಡ್ಡಬಳ್ಳಾಪುರವು ಹಿಂದಿನಿಂದಲೂ ನೇಕಾರರ ಊರು. ಕೈಮಗ್ಗದ ಸ್ಥಾನವನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ಯುತ್ ಮಗ್ಗ ಬಹುಮಟ್ಟಿಗೆ ಆಕ್ರಮಿಸಿತು. ಆದರೂ ಮಗ್ಗ ಮನೆಯನ್ನು ಬಿಟ್ಟು ಹೋಗಲಿಲ್ಲ. ವಾಸದ ಕೋಣೆಗೆ ಹೊಂದಿಕೊಂಡಂತೆ ಎರಡು ನಾಲ್ಕು ಮಗ್ಗಗಳನ್ನು ಹೂಡಿಕೊಂಡ ಕುಟುಂಬಗಳು ಅಲ್ಲಿ ಸಾಮಾನ್ಯ. ಇವರಲ್ಲಿ ಸ್ವಂತ ಬಂಡವಾಳದಿಂದ ನೂಲು ಕೊಂಡು ನೇಯುವವರು ಕೆಲವರು; ಮಾಲೀಕನಿಂದ ಹಾಸು, ಹೊಕ್ಕು, ಜರಿಗಳನ್ನು ಪಡೆದು, ನೇಯ್ದ ಸೀರೆಯೊಂದಕ್ಕೆ ಇಷ್ಟೆಂದು ಮಜೂರಿ ತೆಗೆದುಕೊಳ್ಳುವವರು ಹಲವರು. ಈ ಎರಡನೆಯ ವರ್ಗದವರೇ ನಮ್ಮ ಚರ್ಚೆಗೆ ಮುಖ್ಯರು. ಮಗ್ಗ ಅವರದು, ಮನೆ ಅವರದು, ಕಂಡಿಕೆ ಸುತ್ತುವ ಹೆಂಗಸರ ಮತ್ತು ಮಕ್ಕಳ ಕೈಗಳು ಅವರವು. ನೂಲು ಮಾತ್ರ ಪರರದು. ರೇಷ್ಮೆಯ ನೂಲು ಬೆಲೆಯುಳ್ಳ ವಸ್ತು. ಅದನ್ನು ಮತ್ತೊಬ್ಬನ ಮನೆಯ ಬಾಗಿಲೊಳಗೆ ಕಳುಹಿಸಿದ ಮೇಲೆ ಮಾಲೀಕನ ಕಣ್ಣು ಅಲ್ಲಿಗೆ ಹೋಗಲಾರದು.

ಈ ತೊಡಕಿಗೆ ನೇಯ್ಗೆಯ ಲೋಕ ಕಂಡುಕೊಂಡ ಉತ್ತರ ತೂಕ. ಕೊಟ್ಟ ನೂಲಿನ ತೂಕವನ್ನು ಬರೆದಿಟ್ಟುಕೊಳ್ಳುವುದು. ಬಂದ ಸೀರೆಯನ್ನೂ ಉಳಿದ ನೂಲನ್ನೂ ತೂಗುವುದು. ಸವಕಲಿಗೆಂದು ಒಪ್ಪಿದಷ್ಟನ್ನು ಕಳೆದು ಉಳಿದುದಕ್ಕೆ ಲೆಕ್ಕ ಕೇಳುವುದು. ನೇಕಾರನು ಮುಂಜಾನೆ ನೇಯ್ದನೋ ನಡುರಾತ್ರಿಯಲ್ಲಿ ನೇಯ್ದನೋ, ನಡುವೆ ಎಷ್ಟು ಸಲ ಎದ್ದನೋ, ಇದನ್ನು ಕೇಳುವವರಿಲ್ಲ. ಹೊತ್ತಿನ ಲೆಕ್ಕವಿಲ್ಲದೆ ವಸ್ತುವಿನ ಲೆಕ್ಕ ಮಾತ್ರ ಉಳ್ಳ ಈ ಏರ್ಪಾಡು ಮೇಲುನೋಟಕ್ಕೆ ನಿರ್ವಿವಾದವಾದುದೆಂದು ತೋರುತ್ತದೆ. ಆದರೆ ರೇಷ್ಮೆಯ ತೂಕ ಕಬ್ಬಿಣದ ತೂಕದಂತಲ್ಲ. ಕಚ್ಚಾ ರೇಷ್ಮೆಯನ್ನು ಸಾಬೂನಿನ ನೀರಿನಲ್ಲಿ ಕುದಿಸಿ ಅಂಟು ತೆಗೆದರೆ ಅದರ ತೂಕದಲ್ಲಿ ಸುಮಾರು ಕಾಲುಭಾಗ ಇಳಿದುಹೋಗುತ್ತದೆ. ಗಾಳಿಯ ತೇವವನ್ನು ಅದು ಸುಲಭವಾಗಿ ಹೀರಿಕೊಳ್ಳುತ್ತದೆ. ವ್ಯಾಪಾರದಲ್ಲಿ ಒಣ ರೇಷ್ಮೆಯ ಮೇಲೆ ನೂರಕ್ಕೆ ಹನ್ನೊಂದು ಪಾಲು ತೇವಾಂಶವನ್ನು ಸಹಜವೆಂದೇ ಒಪ್ಪಿಕೊಳ್ಳುತ್ತಾರೆ. ಮಳೆಗಾಲದಲ್ಲಿ ತೂಗಿ ಕೊಟ್ಟ ನೂಲು ಬೇಸಗೆಯಲ್ಲಿ ಸೀರೆಯಾಗಿ ಬಂದರೆ ಕಳ್ಳತನವಿಲ್ಲದೆಯೂ ತೂಕ ಕಡಮೆಯಾಗಬಹುದು. ಹೀಗಾಗಿ ತಕ್ಕಡಿ ಯಾರ ಮನೆಯಲ್ಲಿದೆ, ಸವಕಲಿನ ಪ್ರಮಾಣವನ್ನು ಗೊತ್ತುಮಾಡುವವರು ಯಾರು, ತೂಕದ ಚೀಟಿ ಇಬ್ಬರ ಕೈಯಲ್ಲಿಯೂ ಇದೆಯೇ ಎಂಬ ಪ್ರಶ್ನೆಗಳಲ್ಲಿಯೇ ನಂಬಿಕೆಯ ಹುಟ್ಟು ಸಾವುಗಳು ಅಡಗಿವೆ. ನಮ್ಮ ಅಭಿಪ್ರಾಯದಲ್ಲಿ ಈ ವಿಷಯದ ತಿರುಳೇ ಇದು: ಕಣ್ಮರೆಯ ಕೆಲಸಗಾರನನ್ನು ಅಳೆಯುವುದರಿಂದ ಅಪನಂಬಿಕೆ ಹುಟ್ಟುವುದಿಲ್ಲ, ಅಳತೆ ಒಬ್ಬನ ಕೈಯಲ್ಲಿ ಮಾತ್ರ ಉಳಿದಾಗ ಹುಟ್ಟುತ್ತದೆ.

ವಿದ್ಯುತ್ ಮಗ್ಗಕ್ಕೆ ಒಂದು ವಿಶೇಷವುಂಟು. ಅದರ ಸದ್ದು ಬೀದಿಗೆಲ್ಲ ಕೇಳುತ್ತದೆ. ಯಾರ ಮಗ್ಗ ನಡೆಯುತ್ತಿದೆ, ಯಾರದು ನಿಂತಿದೆ ಎಂಬುದನ್ನು ಅರಿಯಲು ಮಾಲೀಕನು ಮನೆಯೊಳಗೆ ಹೋಗಬೇಕಾಗಿಲ್ಲ. ಆದರೆ ಕರೆಂಟು ಹೋಗಿ ನಿಂತಿತೋ, ಎಳೆ ಹರಿದು ನಿಂತಿತೋ, ನೇಕಾರನು ಊಟಕ್ಕೆ ಎದ್ದನೋ ಎಂಬುದನ್ನು ಸದ್ದು ಹೇಳಲಾರದು. ಈ ಸಣ್ಣ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಮನೆಯಲ್ಲಿ ದುಡಿಯುವವರ ಮೇಲಿನ ಮೇಲ್ವಿಚಾರಣೆಯನ್ನು ಕುರಿತು ನಮ್ಮ ದೇಶದಲ್ಲಿ ದೊರೆಯುವ ಅತ್ಯಂತ ವಿವರವಾದ ಹಳೆಯ ವಿಧಿಗಳು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿವೆ. ಆ ಗ್ರಂಥದ ತಾಳೆಗರಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು, ೧೯೦೯ರಲ್ಲಿ ಮೂಲಪಾಠ ಅಚ್ಚಾದುದು ಕನ್ನಡನಾಡಿಗೆ ಹೆಮ್ಮೆಯ ವಿಷಯ. ಅದರ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ನಮಗೆ ಇಲ್ಲಿ ಬೇಕಾದುದು ಎರಡನೆಯ ಅಧಿಕರಣದ ಸೂತ್ರಾಧ್ಯಕ್ಷ ಪ್ರಕರಣ. ರಾಜ್ಯದ ಹತ್ತಿ, ಉಣ್ಣೆ, ನಾರುಗಳನ್ನು ನೂಲಿಸುವ ಅಧಿಕಾರಿಯೇ ಸೂತ್ರಾಧ್ಯಕ್ಷ. ವಿಧವೆಯರು, ಅಂಗವಿಕಲೆಯರು, ಕನ್ಯೆಯರು, ದಂಡವನ್ನು ದುಡಿದು ತೀರಿಸುವ ಹೆಂಗಸರು ಮೊದಲಾದವರಿಂದ ಅವನು ನೂಲು ತೆಗೆಸಬೇಕು. ನೂಲು ನಯವೋ, ಮಧ್ಯಮವೋ, ಒರಟೋ ಎಂಬುದನ್ನೂ ಪ್ರಮಾಣವನ್ನೂ ನೋಡಿ ಕೂಲಿ ಗೊತ್ತುಮಾಡಬೇಕು. ಕೊಟ್ಟ ವಸ್ತುವಿಗೆ ಸರಿಯಾಗಿ ನೂಲು ಬಾರದಿದ್ದರೆ ಕೂಲಿಯಲ್ಲಿ ಮುರಿದುಕೊಳ್ಳಬೇಕು. ಮನೆಯಿಂದ ಹೊರಗೆ ಬಾರದ ಹೆಂಗಸರಿಗೆ ದಾಸಿಯರ ಮೂಲಕ, ಮರ್ಯಾದೆಯಿಂದ, ಕೆಲಸವನ್ನು ತಲಪಿಸಬೇಕು.

ಇಷ್ಟರವರೆಗೆ ಇದು ದೊಡ್ಡಬಳ್ಳಾಪುರದ ಲೆಕ್ಕಕ್ಕೆ ತೀರ ಹತ್ತಿರವಾಗಿದೆ. ಮುಂದಿನ ವಿಧಿ ಇನ್ನೂ ಗಮನಾರ್ಹ. ತಾವಾಗಿಯೇ ನೂಲನ್ನು ತಂದೊಪ್ಪಿಸುವ ಹೆಂಗಸರು ಬೆಳಗಿನ ಜಾವದಲ್ಲಿ ಸೂತ್ರಶಾಲೆಗೆ ಬರುವರು. ಅಲ್ಲಿ ದೀಪವಿರಬೇಕಾದುದು ನೂಲನ್ನು ಪರೀಕ್ಷಿಸುವುದಕ್ಕೆ ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ. ಹೆಂಗಸಿನ ಮುಖವನ್ನು ನೋಡಿದರೆ, ಅನ್ಯ ವಿಷಯವನ್ನು ಮಾತಾಡಿದರೆ, ಅಧಿಕಾರಿಗೇ ದಂಡ. ಕೂಲಿಯನ್ನು ಕೊಡುವುದಕ್ಕೆ ಹೊತ್ತು ಮೀರಿದರೆ ಅದಕ್ಕಿಂತ ಹೆಚ್ಚಿನ ದಂಡ. ಆಗದ ಕೆಲಸಕ್ಕೆ ಕೂಲಿ ಕೊಟ್ಟರೂ ಹಾಗೆಯೇ. ಅಂದರೆ ಮೇಲ್ವಿಚಾರಣೆ ಕೆಲಸಗಾರಳ ಮೇಲೆ ಇದ್ದಂತೆ ಮೇಲ್ವಿಚಾರಕನ ಮೇಲೆಯೂ ಇತ್ತು. ಬೆಳಕು ಯಾವುದರ ಮೇಲೆ ಬೀಳಬಹುದು, ಯಾವುದರ ಮೇಲೆ ಬೀಳಬಾರದು ಎಂಬುದನ್ನು ಶಾಸ್ತ್ರಕಾರನು ಗೊತ್ತುಮಾಡಿದ್ದನು. ಹೀಗೆಂದು ಕೌಟಿಲ್ಯನನ್ನು ಕರುಣಾಳುವೆಂದು ಭಾವಿಸುವುದು ಸಲ್ಲದು. ಕೂಲಿಯನ್ನು ತೆಗೆದುಕೊಂಡು ಕೆಲಸ ಮಾಡದವಳಿಗೆ ಅದೇ ಪ್ರಕರಣ ವಿಧಿಸುವ ಶಿಕ್ಷೆ ಹೆಬ್ಬೆರಳಿನ ಛೇದನ. ನೂಲುವವಳ ಹೆಬ್ಬೆರಳು ಅವಳ ಬದುಕೇ ಆಗಿತ್ತೆಂಬುದನ್ನು ಹೇಳಬೇಕಾಗಿಲ್ಲ.

ನೇಕಾರರ ವಿಷಯದಲ್ಲಿ ನಾಲ್ಕನೆಯ ಅಧಿಕರಣ ಇನ್ನೊಂದು ಸ್ವಾರಸ್ಯದ ಲೆಕ್ಕವನ್ನು ಕೊಡುತ್ತದೆ. ಹತ್ತು ಪಲ ನೂಲು ಪಡೆದವನು ಹನ್ನೊಂದು ಪಲ ಬಟ್ಟೆಯನ್ನು ಒಪ್ಪಿಸಬೇಕು. ಮನುಸ್ಮೃತಿಯಲ್ಲಿಯೂ ಇದೇ ಪ್ರಮಾಣವಿದೆ. ನೂಲಿಗೆ ಗಂಜಿ ಹಾಕುವುದರಿಂದ ತೂಕ ಏರುತ್ತದೆಂಬುದನ್ನು ಅಂದಿನ ಶಾಸ್ತ್ರಕಾರರು ಬಲ್ಲವರಾಗಿದ್ದರು. ಗಂಜಿಯ ಮರೆಯಲ್ಲಿ ನೂಲನ್ನು ಉಳಿಸಿಕೊಳ್ಳುವ ದಾರಿಯನ್ನು ಈ ಒಂದು ಪಲ ಮುಚ್ಚಿತು. ಕಸುಬಿನ ಗುಟ್ಟು ತಿಳಿಯದ ಮೇಲ್ವಿಚಾರಕನು ಎಷ್ಟು ಕಾವಲಿಟ್ಟರೂ ಪ್ರಯೋಜನವಿಲ್ಲ. ತಿಳಿದವನಿಗೆ ಕಾವಲಿನ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಕಾಲಾಂತರದಲ್ಲಿ, ಹದಿನೆಂಟನೆಯ ಶತಮಾನದ ಕೊನೆಗೆ, ಈಸ್ಟ್ ಇಂಡಿಯಾ ಕಂಪೆನಿ ಬಂಗಾಳದಲ್ಲಿ ನೇಕಾರರನ್ನು ಹತೋಟಿಯಲ್ಲಿಟ್ಟ ರೀತಿ ಇದಕ್ಕೆ ತದ್ವಿರುದ್ಧವಾದುದು. ಅದು ನಮ್ಮ ಸೀಮೆಯ ವಿಷಯವಲ್ಲದಿದ್ದರೂ ಹೋಲಿಕೆಗೆ ಅವಶ್ಯಕ. ಕಂಪೆನಿಯ ಗುಮಾಸ್ತರು ಮುಂಗಡವನ್ನು ನೇಕಾರರ ಮೇಲೆ ಹೇರುತ್ತಿದ್ದುದನ್ನೂ, ಬಟ್ಟೆಗೆ ಬೆಲೆ ಕಟ್ಟುವವರು ಗುಮಾಸ್ತರೊಡನೆ ಕೂಡಿಕೊಂಡು ಕಡಮೆ ಬೆಲೆ ಕಟ್ಟುತ್ತಿದ್ದುದನ್ನೂ ವಿಲಿಯಂ ಬೋಲ್ಟ್ಸ್ ೧೭೭೨ರಲ್ಲಿಯೇ ಬರೆದಿದ್ದಾನೆ. ಅವನು ಕಂಪೆನಿಯೊಡನೆ ಜಗಳವಾಡಿದ್ದವನು. ಆದಕಾರಣ ಅವನ ಮಾತನ್ನು ತಕ್ಕಷ್ಟು ಎಚ್ಚರಿಕೆಯಿಂದ ತೆಗೆದುಕೊಳ್ಳಬೇಕು. ಆದರೆ ೧೭೯೩ರ ಮೂವತ್ತೊಂದನೆಯ ರೆಗ್ಯುಲೇಷನ್ ಕಂಪೆನಿಯ ಸ್ವಂತ ಶಾಸನ. ರಮೇಶಚಂದ್ರ ದತ್ತರು ತಮ್ಮ ಆರ್ಥಿಕ ಇತಿಹಾಸದಲ್ಲಿ ಅದರ ಸಾರವನ್ನು ಕೊಟ್ಟಿದ್ದಾರೆ. ಮುಂಗಡ ಪಡೆದ ನೇಕಾರನು ಕಂಪೆನಿಗೆ ಒಪ್ಪಿದ ದುಡಿಮೆಯನ್ನಾಗಲಿ ಬಟ್ಟೆಯನ್ನಾಗಲಿ ಬೇರೆ ಯಾರಿಗೂ ಕೊಡಕೂಡದು. ವಾಯಿದೆಗೆ ಸರಿಯಾಗಿ ಒಪ್ಪಿಸದಿದ್ದರೆ, ಕೆಲಸ ಚುರುಕಾಗಲೆಂದು ವಾಣಿಜ್ಯ ರೆಸಿಡೆಂಟನು ಅವನ ಮೇಲೆ ಪೇದೆಗಳನ್ನು ಕೂರಿಸಬಹುದು. ಒಂದಕ್ಕಿಂತ ಹೆಚ್ಚು ಮಗ್ಗಗಳನ್ನಿಟ್ಟು ಆಳುಗಳಿಂದ ನೇಯಿಸುವವನು ತಪ್ಪಿದರೆ, ಒಪ್ಪಿಸದ ಪ್ರತಿಯೊಂದು ತಾನಿನ ಬೆಲೆಯ ಮೇಲೆ ನೂರಕ್ಕೆ ಮೂವತ್ತೈದರಷ್ಟು ದಂಡ ತೆರಬೇಕು.

ಇಲ್ಲಿ ಆದ ಬದಲಾವಣೆಯನ್ನು ಗಮನಿಸಬೇಕು. ಅಳತೆ ನೂಲನ್ನು ಬಿಟ್ಟು ನೇಕಾರನ ಮೈಮೇಲೆ ಬಂದಿತು. ಪೇದೆಯು ಬಟ್ಟೆಯನ್ನು ಪರೀಕ್ಷಿಸಲು ಬಂದವನಲ್ಲ. ಮನುಷ್ಯನನ್ನು ಕಾಯಲು ಬಂದವನು. ಅಲ್ಲದೆ ನೇಕಾರನ ಉಳಿದ ಹೊತ್ತೂ ಒಡೆಯನದೇ ಎಂಬ ಭಾವನೆ ಶಾಸನದ ಮಾತಿನಲ್ಲಿ ನೆಲೆಗೊಂಡಿತು. ಬೆಲೆ ನ್ಯಾಯವಾಗಿದ್ದಿದ್ದರೆ ನೇಕಾರನು ಬೇರೊಬ್ಬ ವರ್ತಕನ ಬಳಿಗೆ ಗುಟ್ಟಾಗಿ ಹೋಗುವ ಕಾರಣವೇನಿತ್ತು ಎಂಬ ಪ್ರಶ್ನೆಗೆ ರೆಗ್ಯುಲೇಷನ್ನಿನಲ್ಲಿ ಉತ್ತರವಿಲ್ಲ.

ಅದೇ ಕಾಲದ ನಮ್ಮ ಸೀಮೆಯ ಚಿತ್ರ ಫ್ರಾನ್ಸಿಸ್ ಬುಕಾನನ್ನನ ಪ್ರವಾಸದ ಬರಹದಲ್ಲಿದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ೧೮೦೦ರಲ್ಲಿ, ಅವನು ಬೆಂಗಳೂರು, ಕೋಲಾರ, ದೊಡ್ಡಬಳ್ಳಾಪುರಗಳ ಮಾರ್ಗವಾಗಿ ಸಂಚರಿಸಿದನು. ಹೆಂಗಸರು ವಾರದ ಸಂತೆಯಲ್ಲಿ ಹತ್ತಿಯನ್ನು ಕೊಂಡು, ಮನೆಯಲ್ಲಿ ನೂತು, ನೂಲನ್ನು ಸಂತೆಯಲ್ಲಿಯೇ ನೇಕಾರರಿಗೆ ಮಾರುತ್ತಿದ್ದ ಕ್ರಮವನ್ನು ಅವನು ವರ್ಣಿಸುತ್ತಾನೆ. ಈ ಹೆಂಗಸರನ್ನು ಕಾಯುವವರು ಯಾರೂ ಇರಲಿಲ್ಲ, ಕಾಯಬೇಕಾಗಿಯೂ ಇರಲಿಲ್ಲ. ಹತ್ತಿ ಅವರದೇ. ನೂಲಿನ ಗುಣವನ್ನು ಕೊಳ್ಳುವವನು ಸಂತೆಯ ಹಗಲ ಬೆಳಕಿನಲ್ಲಿ, ನಾಲ್ಕು ಜನರ ಎದುರಿನಲ್ಲಿ ನೋಡಿಕೊಳ್ಳುತ್ತಿದ್ದನು. ಒಪ್ಪದಿದ್ದರೆ ಪಕ್ಕದವಳ ಬಳಿಗೆ ಹೋಗುತ್ತಿದ್ದನು, ಅವಳೂ ಮತ್ತೊಬ್ಬ ನೇಕಾರನನ್ನು ಕರೆಯುತ್ತಿದ್ದಳು. ಇಲ್ಲಿ ಬಡತನವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಕಣ್ಗಾವಲು ಇರಲಿಲ್ಲವೆಂದಷ್ಟೇ ಹೇಳುತ್ತೇವೆ.

ಸಂತೆಯ ಈ ಬಹಿರಂಗ ತಕ್ಕಡಿಯನ್ನು ಮಜೂರಿಯ ಸಂಬಂಧದೊಳಕ್ಕೆ ತರಲು ಸಾಧ್ಯವೇ? ಸಾಧ್ಯವೆಂದು ಫ್ರಾನ್ಸಿನ ಲಿಯಾನ್ ನಗರದ ಇತಿಹಾಸ ತೋರಿಸುತ್ತದೆ. ಅದು ಕೂಡ ರೇಷ್ಮೆಯ ಊರು. ಅಲ್ಲಿಯೂ ವರ್ತಕನ ನೂಲು ನೇಕಾರನ ಮನೆಗೆ ಹೋಗಿ ಬಟ್ಟೆಯಾಗಿ ಬರುತ್ತಿತ್ತು. ನೂಲಿನ ಕಳವಿನ ಆರೋಪಗಳೂ ಬೇಕಾದಷ್ಟಿದ್ದವು. ರೇಷ್ಮೆಯ ತೇವಾಂಶವನ್ನು ನಿರ್ಣಯಿಸಲು ೧೮೦೫ರಲ್ಲಿ ಅಲ್ಲಿ ಸಾರ್ವಜನಿಕ ಪರೀಕ್ಷಾಗೃಹವೊಂದು ಏರ್ಪಟ್ಟಿತು. ಮರುವರ್ಷದ ಮಾರ್ಚಿಯ ಕಾನೂನು ವರ್ತಕರೂ ಕಸುಬುದಾರರೂ ಕೂಡಿ ಕೂರುವ ಪಂಚಾಯತಿಯನ್ನು ಸ್ಥಾಪಿಸಿದುದಲ್ಲದೆ, ಪ್ರತಿಯೊಂದು ಮಗ್ಗಕ್ಕೂ ಲೆಕ್ಕದ ಪುಸ್ತಕ ಜೋಡಿಯಾಗಿರಬೇಕೆಂದು ವಿಧಿಸಿತು. ಒಂದು ಪ್ರತಿ ವರ್ತಕನಲ್ಲಿ, ಇನ್ನೊಂದು ನೇಕಾರನಲ್ಲಿ. ಇದರಿಂದ ಲಿಯಾನಿನ ನೇಕಾರರ ಕಷ್ಟ ತೀರಿತೆಂದಲ್ಲ. ೧೮೩೧ರಲ್ಲಿ ಅವರು ಮಜೂರಿಯ ದರಕ್ಕಾಗಿ ದಂಗೆ ಎದ್ದುದು ಪ್ರಸಿದ್ಧವಾಗಿದೆ. ಆದರೆ ಆ ದಂಗೆಯ ಬೇಡಿಕೆ ದರವನ್ನು ಕುರಿತದ್ದು, ತೂಕವನ್ನು ಕುರಿತದ್ದಲ್ಲ. ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ ೧೭೭೭ರ ಶಾಸನದಂತೆ ಉಣ್ಣೆಯ ಉದ್ಯಮಿಗಳ ಸಮಿತಿಗಳು ಇನ್‌ಸ್ಪೆಕ್ಟರುಗಳನ್ನು ನೇಮಿಸಿ, ಮನೆಗಳಲ್ಲಿ ನೂಲುವವರು ಲಡಿಯನ್ನು ಕಡಮೆ ಸುತ್ತಿದರೆ ಹಿಡಿಸುತ್ತಿದ್ದವು. ಇನ್‌ಸ್ಪೆಕ್ಟರನು ಒಡೆಯರ ಕಡೆಯವನು. ಹೆಂಗಸಿನ ಕಡೆಗೆ ಯಾರೂ ಇರಲಿಲ್ಲ.

ನಮ್ಮ ಜಿಲ್ಲೆಗೆ ಹಿಂದಿರುಗೋಣ. ಮೂರನೆಯವರ ಕೈಯಲ್ಲಿ ತಕ್ಕಡಿಯನ್ನಿಡುವ ಪದ್ಧತಿಗೆ ಇಲ್ಲಿಯೇ ಒಳ್ಳೆಯ ನಿದರ್ಶನವಿದೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ಇರುವುದನ್ನು ಅನೇಕರು ಬಲ್ಲರು. ಮೈಸೂರು ರಾಜ್ಯ ೧೯೫೯ರಲ್ಲಿ ಮಾಡಿದ ಕಾಯ್ದೆಯ ಫಲವಾಗಿ ಗೂಡಿನ ಮಾರಾಟ ಇಂತಹ ಮಾರುಕಟ್ಟೆಗಳ ಕಟ್ಟುಪಾಡಿಗೆ ಒಳಪಟ್ಟಿತು. ಬೆಳೆಗಾರನ ಗೂಡು ಬಹಿರಂಗವಾಗಿ ಹರಾಜಾಗಿ, ಸರ್ಕಾರಿ ಸಿಬ್ಬಂದಿಯ ಎದುರಿಗೆ ತೂಕವಾಗುತ್ತದೆ. ಬೆಳೆಗಾರನು ರೀಲರನ ನೌಕರನಲ್ಲ, ಆದುದರಿಂದ ಹೋಲಿಕೆ ಪೂರ್ಣವಲ್ಲ. ಆದರೂ ಒಂದೇ ರೇಷ್ಮೆ ಗೂಡಾಗಿದ್ದಾಗ ಸಾರ್ವಜನಿಕ ತಕ್ಕಡಿಯನ್ನು ಹತ್ತಿ, ನೂಲಾಗಿ ಮಜೂರಿ ನೇಕಾರನ ಮನೆಗೆ ಹೋಗುವಾಗ ಮಾಲೀಕನ ಸ್ವಂತ ತಕ್ಕಡಿಯನ್ನು ಹತ್ತುತ್ತದೆ ಎಂಬುದು ಯೋಚಿಸತಕ್ಕ ವಿಷಯ. ವಿಜಯಪುರದಿಂದ ದೊಡ್ಡಬಳ್ಳಾಪುರಕ್ಕೆ ಹೆಚ್ಚು ದೂರವಿಲ್ಲ. ಕಾನೂನಿಗೆ ಮಾತ್ರ ಆ ದಾರಿ ಸವೆದಿಲ್ಲ.

ವಸ್ತುವಿನ ಅಳತೆಗೂ ಒಂದು ಮಿತಿಯುಂಟೆಂಬುದಕ್ಕೆ ರಾಷ್ಟ್ರೀಯ ಚಳವಳಿಯಿಂದ ಒಂದು ಉದಾಹರಣೆಯನ್ನು ಕೊಡಬಹುದು. ೧೯೨೪ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ, ಸದಸ್ಯತ್ವಕ್ಕೆ ತಿಂಗಳಿಗೆ ೨೦೦೦ ಗಜ ನೂಲನ್ನು ವಂತಿಗೆಯಾಗಿ ಗೊತ್ತುಮಾಡಿತು. ನೂಲು ಸದಸ್ಯನು ತಾನೇ ನೂತದ್ದಾಗಿರಬೇಕು. ಕಾಯಿಲೆ, ಮನಸ್ಸಿಲ್ಲದಿರುವುದು ಮೊದಲಾದ ಕಾರಣಗಳಿದ್ದರೆ ಅಷ್ಟನ್ನೇ ಬೇರೆಯವರಿಂದ ನೂಲಿಸಿ ಕೊಡಬಹುದು. ಗಜವನ್ನು ಅಳೆಯಬಹುದಾಗಿತ್ತು; ಯಾರ ಕೈ ನೂತಿತೆಂಬುದನ್ನು ಅಳೆಯುವಂತಿರಲಿಲ್ಲ. ಮನಸ್ಸಿಲ್ಲದವನಿಗೂ ನಿಯಮದಲ್ಲಿಯೇ ದಾರಿ ತೆರೆದಿಟ್ಟದ್ದು, ಪತ್ತೆಹಚ್ಚಲಾಗದ್ದನ್ನು ಪತ್ತೆಹಚ್ಚುವ ವ್ಯರ್ಥ ಪ್ರಯತ್ನಕ್ಕಿಂತ ವಿವೇಕವಾದುದೆಂದು ನಮಗೆ ತೋರುತ್ತದೆ. ಆದರೂ ಈ ವಂತಿಗೆ ಬಹುಕಾಲ ನಡೆಯಲಿಲ್ಲ. ಮರುವರ್ಷವೇ ನಾಲ್ಕಾಣೆಯ ವಂತಿಗೆಗೂ ಅವಕಾಶವಾಯಿತು.

ಕಣ್ಮರೆಯ ಕೆಲಸಗಾರನು ನೌಕರನೇ ಅಲ್ಲವೇ ಎಂಬ ಪ್ರಶ್ನೆ ನ್ಯಾಯಾಲಯಗಳ ಮುಂದೆ ಬಂದುದು ಮುಖ್ಯವಾಗಿ ಬೀಡಿಯ ಉದ್ಯಮದಿಂದ. ದಕ್ಷಿಣ ಕನ್ನಡ, ಕಾಸರಗೋಡುಗಳ ಕಡೆ ಬೀಡಿ ಕಟ್ಟುವುದು ಮನೆಯ ಹೆಂಗಸರ ಕೆಲಸ. ಎಲೆ, ತಂಬಾಕು, ನೂಲುಗಳನ್ನು ಬ್ರಾಂಚಿನಿಂದ ತರುವುದು, ಕಟ್ಟಿದ ಬೀಡಿಯನ್ನು ಅಲ್ಲಿಗೇ ಒಪ್ಪಿಸುವುದು, ಪುಸ್ತಕದಲ್ಲಿ ಬರೆಯಿಸಿಕೊಳ್ಳುವುದು, ಇದು ಅಲ್ಲಿನ ರೂಢಿ. ಕಂಪೆನಿಗೂ ಕೆಲಸಗಾರಳಿಗೂ ನಡುವೆ ಕಂಟ್ರಾಕ್ಟುದಾರನಿರುವುದರಿಂದ, ತನಗೂ ಅವಳಿಗೂ ಸಂಬಂಧವಿಲ್ಲವೆಂದು ಕಂಪೆನಿ ವಾದಿಸುವುದು ಸುಲಭವಾಗಿತ್ತು. ಕಣ್ಣೆದುರಿಗೆ ನಿಂತು ಕೆಲಸ ಮಾಡಿಸದವನು ಒಡೆಯನಾಗುವುದು ಹೇಗೆ? ಸುಪ್ರೀಂ ಕೋರ್ಟು ೧೯೬೧ರಲ್ಲಿ ಬಿರ್ಧಿಚಂದ್ ಶರ್ಮಾ ಎಂಬುವರ ಮೊಕದ್ದಮೆಯಲ್ಲಿ ಬೀಡಿ ಕಟ್ಟುವಂತಹ ಸರಳ ಕೆಲಸಕ್ಕೆ ದಿನವಿಡೀ ಮೇಲ್ವಿಚಾರಣೆ ಬೇಕಿಲ್ಲವೆಂದೂ, ದಿನದ ಕೊನೆಯಲ್ಲಿ ಮಟ್ಟಕ್ಕೆ ಬಾರದ ಬೀಡಿಯನ್ನು ತಿರಸ್ಕರಿಸುವ ಹಕ್ಕೇ ಮೇಲ್ವಿಚಾರಣೆಯೆಂದೂ ಅಭಿಪ್ರಾಯಪಟ್ಟಿತು. ೧೯೬೬ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿತು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ ೧೯೭೪ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಎತ್ತಿಹಿಡಿಯಿತು.

ತಿರಸ್ಕಾರವೇ ಮೇಲ್ವಿಚಾರಣೆಯೆಂದ ಮೇಲೆ, ತಿರಸ್ಕಾರದ ಮೇಲೆ ಮೇಲ್ವಿಚಾರಣೆ ಯಾರದು? ಬೀಡಿಯ ಊರುಗಳ ಹಳೆಯ ದೂರು ಇದೇ ಆಗಿತ್ತು. ಎಲೆಯನ್ನು ತೂಕದಲ್ಲಿ ಕಡಮೆ ಕೊಟ್ಟು, ಬೀಡಿಯನ್ನು ಲೆಕ್ಕದಲ್ಲಿ ಪೂರ್ತಿ ಕೇಳುವುದು. ಚಾಟು ಎಂದು ತೆಗೆದಿಟ್ಟ ಬೀಡಿಗೆ ಕೂಲಿ ಕೊಡದೆ ಬೀಡಿಯನ್ನೂ ಉಳಿಸಿಕೊಳ್ಳುವುದು. ಆದಕಾರಣ ಕಾಯ್ದೆಯ ಕೆಳಗೆ ಮಾಡಿದ ನಿಯಮಗಳಲ್ಲಿ, ಸಾಮಾನ್ಯವಾಗಿ ನೂರಕ್ಕೆ ಐದಕ್ಕಿಂತ ಹೆಚ್ಚು ಬೀಡಿಯನ್ನು ತಿರಸ್ಕರಿಸಕೂಡದೆಂದು ಮಿತಿ ಹಾಕಲಾಯಿತು. ಈ ಐದು ಎಂಬ ಅಂಕಿ ನಮ್ಮ ದೃಷ್ಟಿಯಲ್ಲಿ ಕೌಟಿಲ್ಯನ ದೀಪದ ವಿಧಿಗೆ ಸಮಾನವಾದುದು. ಪರೀಕ್ಷಿಸುವವನ ಕೈಗೂ ಒಂದು ಗೆರೆ ಎಳೆಯಲಾಯಿತು.

ಇನ್ನು ನಮ್ಮ ಕಾಲಕ್ಕೆ ಬರೋಣ. ಮನೆಯಿಂದ ಕೆಲಸ ಮಾಡುವ ಗಣಕ ನೌಕರನ ಕೈಯಲ್ಲಿ ನೂಲಿಲ್ಲ. ಅವನು ಮಾಡುವ ಕೆಲಸವನ್ನು ತೂಗುವುದು ಕಷ್ಟ. ಒಂದು ಸಾಲಿನ ತಿದ್ದುಪಡಿ ಒಂದು ವಾರದ ಆಲೋಚನೆಯ ಫಲವಾಗಿರಬಹುದು. ವಸ್ತುವನ್ನು ಅಳೆಯಲಾಗದ ಒಡೆಯನು ಚಲನೆಯನ್ನು ಅಳೆಯಹೊರಟನು. ಕೀಲಿಮಣೆಯ ಎಣಿಕೆ ದೊಡ್ಡಬಳ್ಳಾಪುರದ ಬೀದಿಯ ಮಗ್ಗದ ಸದ್ದಿನಂತಹುದು. ನಡೆಯುತ್ತಿದೆಯೆಂದು ಹೇಳುತ್ತದೆ, ಏನು ನೇಯುತ್ತಿದೆಯೆಂದು ಹೇಳುವುದಿಲ್ಲ. ನಿಂತಿತೆಂದು ಹೇಳುತ್ತದೆ, ಏಕೆ ನಿಂತಿತೆಂದು ಹೇಳುವುದಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆ ೨೦೨೨ರಲ್ಲಿ ಹನ್ನೊಂದು ದೇಶಗಳ ೨೦,೦೦೦ ಮಂದಿಯನ್ನು ವಿಚಾರಿಸಿ ಪ್ರಕಟಿಸಿದ ವರದಿಯಲ್ಲಿ, ತಾವು ಫಲಪ್ರದವಾಗಿ ದುಡಿಯುತ್ತಿದ್ದೇವೆಂದು ನೂರಕ್ಕೆ ೮೭ರಷ್ಟು ನೌಕರರು ಹೇಳಿದರೆ, ಅದರಲ್ಲಿ ಪೂರ್ಣ ವಿಶ್ವಾಸವುಳ್ಳ ಮೇಲಧಿಕಾರಿಗಳು ನೂರಕ್ಕೆ ೧೨ ಮಾತ್ರ. ಅದೇ ಸಂಸ್ಥೆ ಎರಡು ವರ್ಷಗಳ ಹಿಂದೆ ತನ್ನ ಅಳತೆಯ ಸಾಧನವೊಂದರಲ್ಲಿ ಒಬ್ಬೊಬ್ಬ ನೌಕರನ ಹೆಸರೂ ಕಾಣುವಂತೆ ಮಾಡಿ, ತೀವ್ರ ಟೀಕೆ ಬಂದಮೇಲೆ ೨೦೨೦ರ ಡಿಸೆಂಬರಿನಲ್ಲಿ ಹೆಸರುಗಳನ್ನು ತೆಗೆದುಹಾಕಿತ್ತು. ಚಲನೆಯ ಅಳತೆಗೆ ಚಲನೆಯೇ ಉತ್ತರವಾದುದು ಸ್ವಾಭಾವಿಕ: ಮೌಸನ್ನು ತಾನಾಗಿಯೇ ಅಲುಗಾಡಿಸುವ ಸಾಧನಗಳು ಪೇಟೆಗೆ ಬಂದವು, ೨೦೨೪ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಕೀಲಿಮಣೆಯ ಚಟುವಟಿಕೆಯನ್ನು ನಟಿಸಿದರೆಂದು ಹನ್ನೆರಡಕ್ಕೂ ಹೆಚ್ಚು ನೌಕರರನ್ನು ತೆಗೆದುಹಾಕಿತು.

ನೌಕರರೆಲ್ಲರೂ ನಿರ್ದೋಷಿಗಳೆಂದು ನಮ್ಮ ಅಭಿಪ್ರಾಯವಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ವಿಪ್ರೊ ಸಂಸ್ಥೆಯ ಅಧ್ಯಕ್ಷರಾದ ರಿಷದ್ ಪ್ರೇಮ್‌ಜಿಯವರು, ಏಕಕಾಲದಲ್ಲಿ ಪ್ರತಿಸ್ಪರ್ಧಿ ಸಂಸ್ಥೆಗಳಿಗೂ ದುಡಿಯುತ್ತಿದ್ದ ೩೦೦ ಮಂದಿಯನ್ನು ಪತ್ತೆಮಾಡಿ ಬಿಡುಗಡೆ ಮಾಡಿದುದಾಗಿ ಸಾರ್ವಜನಿಕವಾಗಿ ತಿಳಿಸಿದರು. ಒಬ್ಬನ ನೂಲನ್ನು ಇಟ್ಟುಕೊಂಡು ಅವನ ಎದುರಾಳಿಗೆ ನೇಯುವುದು ಯಾವ ಕಸುಬಿನಲ್ಲಿಯೂ ಸಲ್ಲುವುದಲ್ಲ. ಆದರೆ ಬಿಡುವಿನ ಹೊತ್ತಿನ ದುಡಿಮೆಯೆಲ್ಲ ದ್ರೋಹವೆಂಬ ಮಾತು ೧೭೯೩ರ ರೆಗ್ಯುಲೇಷನ್ನಿನ ನೆನಪನ್ನು ತರುತ್ತದೆ. ಇನ್ಫೋಸಿಸ್ ಸಂಸ್ಥೆ ಅದೇ ತಿಂಗಳು ಎರಡು ಕಡೆಯ ಕೆಲಸವನ್ನು ಕುರಿತು ನೌಕರರಿಗೆ ಕಟುವಾದ ಎಚ್ಚರಿಕೆ ಕೊಟ್ಟು, ಅಕ್ಟೋಬರಿನಲ್ಲಿ, ಮೇಲಧಿಕಾರಿಯ ಒಪ್ಪಿಗೆ ಪಡೆದು ಪ್ರತಿಸ್ಪರ್ಧಿಗಳದಲ್ಲದ ಹೊರಗಿನ ಸಣ್ಣ ಕೆಲಸಗಳನ್ನು ಮಾಡಬಹುದೆಂದು ತಿಳಿಸಿತು. ಈ ಎರಡನೆಯ ಹೆಜ್ಜೆ ಮೊದಲನೆಯದಕ್ಕಿಂತ ಬುದ್ಧಿವಂತಿಕೆಯದು.

ಕಣ್ಗಾವಲಿನ ಈ ಹೊಸ ಬಗೆ ಗಣಕ ನೌಕರರಿಗೆ ಮಾತ್ರ ಮೀಸಲಾಗಿ ಉಳಿಯಲಿಲ್ಲ. ಉದ್ಯೋಗ ಖಾತರಿಯ ಕಾಮಗಾರಿಗಳಲ್ಲಿ ದಿನಕ್ಕೆ ಎರಡು ಸಲ ಕೂಲಿಕಾರರ ಛಾಯಾಚಿತ್ರವನ್ನು ಸ್ಥಳ, ಸಮಯಗಳ ಗುರುತಿನೊಡನೆ ಮೊಬೈಲಿನಿಂದ ಕಳುಹಿಸುವುದನ್ನು ೨೦೨೩ರ ಜನವರಿ ೧ರಿಂದ ಕಡ್ಡಾಯಗೊಳಿಸಲಾಯಿತು. ಅಗೆದ ಮಣ್ಣನ್ನು ಅಳೆದು ಕೂಲಿ ಕೊಡುವ ಕೆಲಸಕ್ಕೂ ಮುಖದ ಸಾಕ್ಷ್ಯ ಬೇಕಾಯಿತು. ೨೦೨೫ರ ಜುಲೈ ತಿಂಗಳಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ, ಸಂಬಂಧವಿಲ್ಲದ ಚಿತ್ರಗಳನ್ನೂ ಚಿತ್ರದ ಚಿತ್ರಗಳನ್ನೂ ಕಳುಹಿಸುತ್ತಿರುವ ಬಗ್ಗೆ ರಾಜ್ಯಗಳಿಗೆ ಬರೆಯಬೇಕಾಯಿತು. ಮೌಸ್ ಅಲುಗಾಡಿಸುವ ಸಾಧನಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಅಳತೆ ಒಬ್ಬರ ಕೈಯಲ್ಲಿಯೇ ಇದ್ದು ಅದು ತಪ್ಪಿದರೆ ಏನಾಗಬಹುದೆಂಬುದಕ್ಕೆ ಹೊಸಕೋಟೆಯಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯ ನರಸಾಪುರ ಸಾಕ್ಷಿ. ಅಲ್ಲಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ೨೦೨೦ರ ಡಿಸೆಂಬರ್ ೧೨ರಂದು ನಡೆದ ದಾಂಧಲೆ ಖಂಡನೀಯವೇ ಸರಿ. ಆದರೆ ಕೆಲಸದ ಗಂಟೆಗಳ ದಾಖಲೆಯನ್ನು ಸರಿಯಾಗಿ ನಿರ್ವಹಿಸದೆ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕೆಲವರಿಗೆ ಸಂಬಳ ತಡವಾಯಿತೆಂದು, ಅಲ್ಲಿ ಸರಕು ಮಾಡಿಸುತ್ತಿದ್ದ ಆಪಲ್ ಸಂಸ್ಥೆಯೇ ಅನಂತರ ಒಪ್ಪಿಕೊಂಡಿತು. ಕಾರ್ಖಾನೆಯೊಳಗೆ, ಎಲ್ಲರ ಕಣ್ಣೆದುರಿಗೆ ದುಡಿದವರ ಗತಿ ಇದಾದರೆ, ಮನೆಯಲ್ಲಿ ಒಬ್ಬನೇ ಕುಳಿತು ದುಡಿಯುವವನು ತನ್ನ ಗಂಟೆಯ ಲೆಕ್ಕ ತಪ್ಪಿತೆಂದು ಯಾರೆದುರಿಗೆ ಹೇಳಿಕೊಳ್ಳಬೇಕು?

ಕಾನೂನು ಈ ವಿಷಯದಲ್ಲಿ ಎರಡು ದಿಕ್ಕಿಗೆ ನಡೆದಿದೆ. ೨೦೨೩ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಏಳನೆಯ ಪ್ರಕರಣ, ಉದ್ಯೋಗದ ಉದ್ದೇಶಕ್ಕಾಗಿ ಮತ್ತು ಒಡೆಯನನ್ನು ನಷ್ಟದಿಂದ ರಕ್ಷಿಸುವುದಕ್ಕಾಗಿ ನೌಕರನ ಒಪ್ಪಿಗೆಯನ್ನು ಪ್ರತ್ಯೇಕವಾಗಿ ಕೇಳದೆಯೇ ಅವನ ಮಾಹಿತಿಯನ್ನು ಬಳಸಲು ಅವಕಾಶ ಕೊಡುತ್ತದೆ. ಇದಕ್ಕೆ ಪ್ರತಿಯಾಗಿ ಕರ್ನಾಟಕವು ೨೦೨೫ರಲ್ಲಿ ಮಾಡಿದ ಗಿಗ್ ಕಾರ್ಮಿಕರ ಕಾಯ್ದೆ, ಸರಕು ಹಂಚುವ ಮತ್ತು ಬಾಡಿಗೆ ವಾಹನ ನಡೆಸುವವರಂತಹ ಕೆಲಸಗಾರರ ಮೇಲೆ ಯಂತ್ರವು ತಾನಾಗಿ ಇಡುವ ನಿಗಾ ಮತ್ತು ಮಾಡುವ ತೀರ್ಮಾನಗಳು ಪಾರದರ್ಶಕವಾಗಿರಬೇಕೆಂದು ಕಟ್ಟುಮಾಡಿದೆ. ಲಿಯಾನಿನ ಜೋಡಿ ಪುಸ್ತಕದ ದಿಕ್ಕಿನ ಹೆಜ್ಜೆಯಿದು. ಮಜೂರಿ ನೇಕಾರನಿಗಾಗಲಿ ಮನೆಯಿಂದ ದುಡಿಯುವ ಗಣಕ ನೌಕರನಿಗಾಗಲಿ ಅದು ಅನ್ವಯಿಸುವುದಿಲ್ಲ.

ಕೊನೆಯದಾಗಿ ನಮ್ಮ ವಿಭಾಗದ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ದೊಡ್ಡಬಳ್ಳಾಪುರದ ಹಳೆಯ ನೇಕಾರ ಮತ್ತು ಮಾಲೀಕ ಮನೆತನಗಳಲ್ಲಿ ನೂಲಿನ ತೂಕ, ಮುಂಗಡ, ಮಜೂರಿಗಳನ್ನು ಬರೆದ ಲೆಕ್ಕದ ಪುಸ್ತಕಗಳು ಉಳಿದಿರುವುದಾದರೆ, ಅವು ರದ್ದಿಯ ಅಂಗಡಿಗೆ ಹೋಗುವ ಮುನ್ನ ಅವುಗಳ ಪ್ರತಿ ತೆಗೆದಿಡುವುದು ಅವಶ್ಯಕ. ಒಂದೇ ವರ್ಷದ, ಒಂದೇ ಮಗ್ಗದ ಲೆಕ್ಕ ಮಾಲೀಕನ ಪುಸ್ತಕದಲ್ಲಿಯೂ ನೇಕಾರನ ಚೀಟಿಯಲ್ಲಿಯೂ ದೊರೆತರೆ, ಸವಕಲಿನ ಪ್ರಮಾಣವನ್ನು ಕುರಿತ ವಿವಾದಗಳನ್ನು ಅಂಕಿಗಳಿಂದಲೇ ನಿರ್ಣಯಿಸುವುದು ಸಾಧ್ಯವಾದೀತು. ೨೦೨೦ರಿಂದ ೨೦೨೨ರವರೆಗಿನ ಗಣಕ ನೌಕರರ ವಿಷಯದಲ್ಲಿ ಇಂತಹ ಹೋಲಿಕೆಗೆ ಆಸ್ಪದವಿರಲಾರದು. ಅವರ ಕೀಲಿಮಣೆಯ ಎಣಿಕೆಗಳು ಒಡೆಯರ ಯಂತ್ರಗಳಲ್ಲಿ ಮಾತ್ರ ದಾಖಲಾದವು. ನೌಕರನ ಕಡೆಯ ಪ್ರತಿ ಎಂಬುದೇ ಇಲ್ಲ.